ಮತ ಯಾರದು, ನಾಡು ಯಾರದು: ಸ್ಕಾಟ್ಲೆಂಡಿನ 2014ರ ಜನಮತಗಣನೆ ಮತ್ತು ಅಂಚಿನ ಜನ

2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಮತದಾರರ ಕೈಗೆ ಬಂದ ಮತಪತ್ರದಲ್ಲಿ ಒಂದೇ ಪ್ರಶ್ನೆಯಿತ್ತು: ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ? ಉತ್ತರಕ್ಕೆ ಎರಡೇ ಚೌಕಗಳು, ಹೌದು ಮತ್ತು ಇಲ್ಲ. ಅಂದು ಮತದಾರರಲ್ಲಿ ಶೇ. 84.6ರಷ್ಟು ಮಂದಿ ಮತಗಟ್ಟೆಗೆ ಬಂದರು. ಇಲ್ಲ ಎಂದವರು 20,01,926, ಅಂದರೆ ಶೇ. 55.3. ಹೌದು ಎಂದವರು 16,17,989, ಅಂದರೆ ಶೇ. 44.7. ಮುನ್ನೂರು ವರ್ಷ ಮೀರಿದ ಒಂದು ರಾಜ್ಯಬಂಧ ಉಳಿಯಬೇಕೋ ಕಡಿಯಬೇಕೋ ಎಂಬುದನ್ನು ಒಂದು ಗುಂಡೂ ಹಾರದಂತೆ, ಎಣಿಕೆಯ ಮೂಲಕವೇ ತೀರ್ಮಾನಿಸಿದ ಈ ಪ್ರಸಂಗವು ಆಧುನಿಕ ರಾಜಕೀಯ ಚರಿತ್ರೆಯಲ್ಲಿ ಅಪರೂಪದ್ದು.

ಈ ಜನಮತಗಣನೆಯ ಬಗೆಗಿನ ಬಹುಪಾಲು ಬರಹಗಳು ನಾಣ್ಯ, ತೈಲ, ತೆರಿಗೆ, ಐರೋಪ್ಯ ಒಕ್ಕೂಟದ ಸದಸ್ಯತ್ವಗಳ ಸುತ್ತ ಸುತ್ತುತ್ತವೆ. ಅವು ಮುಖ್ಯವಾದ ಪ್ರಶ್ನೆಗಳೇ ಹೌದು. ಆದರೆ ಅವುಗಳಿಗೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿತ್ತು: ಈ ನಾಡಿನ ಜನ ಎಂದರೆ ಯಾರು, ಮತ ಹಾಕುವ ಹಕ್ಕು ಯಾರಿಗೆ? ಅದರ ಬೆನ್ನಿಗೇ ಮತ್ತೊಂದು ಪ್ರಶ್ನೆಯೂ ಇತ್ತು: ನಾಡಿನ ಬಹುಮತ ಒಂದು ಗೆರೆಯನ್ನು ಎಳೆದಾಗ ಅಥವಾ ಅಳಿಸಿದಾಗ, ಆ ಗೆರೆಯ ಮೇಲೆಯೇ ಬದುಕುವವರ ಮತಕ್ಕೆ ಎಷ್ಟು ತೂಕ? ಮೊದಲನೆಯ ಪ್ರಶ್ನೆಗೆ ಸ್ಕಾಟ್ಲೆಂಡ್ ಕೊಟ್ಟ ಉತ್ತರ ಉದಾರವಾದುದು. ಎರಡನೆಯದಕ್ಕೆ ಅದು ಸ್ಪಷ್ಟ ಉತ್ತರ ಕೊಡಲಿಲ್ಲ. ಕೊಡುವಂತೆ ಮತಪತ್ರ ಕೇಳಿರಲೂ ಇಲ್ಲ.

ಐಕ್ಯದ ಹುಟ್ಟು

ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್‌ಗಳು ಮಧ್ಯಯುಗದುದ್ದಕ್ಕೂ ಬೇರೆ ಬೇರೆ ರಾಜ್ಯಗಳು, ಬಹುಕಾಲ ವೈರಿಗಳು. 1603ರಲ್ಲಿ ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್ ಸಂತಾನವಿಲ್ಲದೆ ತೀರಿಕೊಂಡಾಗ ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸ್ ಆ ಸಿಂಹಾಸನಕ್ಕೂ ಬಂದನು. ದೊರೆ ಒಬ್ಬನಾದರೂ ಸಂಸತ್ತುಗಳು, ನ್ಯಾಯಾಲಯಗಳು, ಚರ್ಚುಗಳು ಬೇರೆಯಾಗಿಯೇ ಉಳಿದವು. 1698ರಿಂದ 1700ರವರೆಗೆ ಮಧ್ಯ ಅಮೆರಿಕದ ಡೇರಿಯನ್ ಭೂಕಂಠದಲ್ಲಿ ತಮ್ಮದೇ ವಸಾಹತು ಕಟ್ಟಲು ಹೊರಟ ಸ್ಕಾಟರು ರೋಗಕ್ಕೂ ಸ್ಪೇನಿನ ವಿರೋಧಕ್ಕೂ ತುತ್ತಾಗಿ ಹಿಂದಿರುಗಬೇಕಾಯಿತು. ಆ ಸಾಹಸದಲ್ಲಿ ದೇಶದ ಬಂಡವಾಳದ ದೊಡ್ಡ ಪಾಲು ಕರಗಿಹೋಯಿತು. ಅದರ ಬೆನ್ನಿಗೇ ನಡೆದ ಮಾತುಕತೆಗಳ ಫಲವಾಗಿ 25 ವಿಧಿಗಳ ಐಕ್ಯ ಒಪ್ಪಂದ ಸಿದ್ಧವಾಯಿತು. 1707ರ ಮೇ 1ರಂದು ಗ್ರೇಟ್ ಬ್ರಿಟನ್ ಎಂಬ ಹೊಸ ರಾಜ್ಯ ಜಾರಿಗೆ ಬಂದಿತು.

ಈ ಒಪ್ಪಂದಕ್ಕೆ ಜನರ ಸಮ್ಮತಿಯನ್ನು ಯಾರೂ ಕೇಳಲಿಲ್ಲ. ಎಡಿನ್‌ಬರೊ, ಗ್ಲಾಸ್ಗೊಗಳ ಬೀದಿಗಳಲ್ಲಿ ಗಲಭೆಗಳಾದವು. ಊರೂರುಗಳಿಂದ ವಿರೋಧದ ಮನವಿಗಳು ಬಂದವು. ಆದರೂ ಎಡಿನ್‌ಬರೊದ ಸಂಸತ್ತು ತನ್ನನ್ನು ತಾನೇ ವಿಸರ್ಜಿಸಿಕೊಳ್ಳುವ ನಿರ್ಣಯವನ್ನು ಬಹುಮತದಿಂದ ಅಂಗೀಕರಿಸಿತು. ಡೇರಿಯನ್ನಿನಲ್ಲಿ ಹಣ ಕಳೆದುಕೊಂಡವರಿಗೆ ಪರಿಹಾರ ದೊರೆಯುವ ಏರ್ಪಾಡು ಒಪ್ಪಂದದಲ್ಲಿಯೇ ಇದ್ದುದರಿಂದ, ನಾಡನ್ನು ಚಿನ್ನಕ್ಕೆ ಮಾರಿದರೆಂಬ ಆಪಾದನೆ ಅಂದಿನಿಂದ ಇಂದಿನವರೆಗೂ ಉಳಿದುಕೊಂಡಿದೆ. ಅದೇ ಒಪ್ಪಂದ ಸ್ಕಾಟ್ಲೆಂಡಿನ ಕಾನೂನು ಪದ್ಧತಿಯನ್ನು ರಕ್ಷಿಸಿತು. ಪ್ರೆಸ್ಬಿಟೇರಿಯನ್ ಚರ್ಚಿಗೂ ವಿಶ್ವವಿದ್ಯಾಲಯಗಳಿಗೂ ಕಾಯ್ದೆಯ ಭದ್ರತೆ ದೊರೆಯಿತು. ರಾಜ್ಯ ಮುಳುಗಿದರೂ ಸಂಸ್ಥೆಗಳು ಮುಳುಗಲಿಲ್ಲ. ಸ್ಕಾಟಿಷ್ ಅಸ್ಮಿತೆ ಭಾಷೆಗಿಂತ ಹೆಚ್ಚಾಗಿ ಸಂಸ್ಥೆಗಳ ಮೇಲೆ ನಿಂತದ್ದರ ಮೂಲ ಇಲ್ಲಿದೆ.

ಸಾಮ್ರಾಜ್ಯವೆಂಬ ಗಾರೆ

ಒಲ್ಲದ ಮದುವೆಯಂತೆ ಆರಂಭವಾದ ಈ ಐಕ್ಯ ಗಟ್ಟಿಯಾದುದು ಸಾಮ್ರಾಜ್ಯದಿಂದ. ಇಂಗ್ಲಿಷರ ವಸಾಹತು ಮಾರುಕಟ್ಟೆಗಳು ಸ್ಕಾಟರಿಗೂ ತೆರೆದುಕೊಂಡವು. ಗ್ಲಾಸ್ಗೊ ಅಮೆರಿಕದ ತಂಬಾಕಿನಿಂದ ಬೆಳೆಯಿತು. ಭಾರತದ ಆಡಳಿತವನ್ನು ಲಂಡನ್ನಿನಿಂದ ನಿಯಂತ್ರಿಸುತ್ತಿದ್ದ ಮಂಡಲಿಯ ಅಧ್ಯಕ್ಷನಾಗಿದ್ದ ಸ್ಕಾಟ್ ಹೆನ್ರಿ ಡಂಡಾಸ್‌ನ ಪ್ರಭಾವದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹುದ್ದೆಗಳಿಗೆ ಸ್ಕಾಟ್ ತರುಣರು ದೊಡ್ಡ ಸಂಖ್ಯೆಯಲ್ಲಿ ಬಂದರು.

ಕನ್ನಡ ನಾಡಿನ ಚರಿತ್ರೆಯಲ್ಲಿ ಇದರ ಗುರುತುಗಳು ಸ್ಪಷ್ಟವಾಗಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ, ಆಗ ಕಾಸರಗೋಡು ಸೀಮೆಯನ್ನೂ ಒಳಗೊಂಡಿದ್ದ ಕೆನರಾ ಪ್ರಾಂತದ ಕಂದಾಯ ವ್ಯವಸ್ಥೆಯನ್ನು ರೂಪಿಸಿದವನು ಥಾಮಸ್ ಮನ್ರೋ. 1800ರಿಂದ 1807ರವರೆಗೆ ಬಳ್ಳಾರಿ, ಆದವಾನಿ, ರಾಯದುರ್ಗ, ಮಡಕಶಿರಾಗಳನ್ನೊಳಗೊಂಡ ದತ್ತ ಮಂಡಲದ ಕಲೆಕ್ಟರನಾಗಿದ್ದವನೂ ಅವನೇ. ಅವನು ಗ್ಲಾಸ್ಗೊದ ವರ್ತಕನ ಮಗ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ತಂದೆಯ ವ್ಯಾಪಾರ ಮುಳುಗಿದ್ದರಿಂದ ಕಂಪನಿಯ ಸೈನ್ಯ ಸೇರಿದವನು. ಮೈಸೂರು ಸೀಮೆಯನ್ನು ಅಳೆದು ನಕ್ಷೆ ಬರೆಸಿ, ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಹೆಬ್ರಿಡೀಸ್ ದ್ವೀಪಮಾಲೆಯ ಲೂಯಿಸ್ ದ್ವೀಪದ ಸ್ಟೋರ್ನೊವೇ ಊರಿನವನು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ ಮೂರು ಸಂಪುಟಗಳ ವಿವರ ಬರೆದ ಫ್ರಾನ್ಸಿಸ್ ಬುಕಾನನ್ ಕೂಡ ಸ್ಕಾಟನೇ. ಇಲ್ಲಿಯ ಹೊಲಗಳಿಗೆ ಕಂದಾಯ ಕಟ್ಟಿದ, ಇಲ್ಲಿಯ ಗಡಿಗಳನ್ನು ಕಾಗದಕ್ಕಿಳಿಸಿದ ಕೈಗಳಲ್ಲಿ ಹಲವು, ತಮ್ಮ ರಾಜ್ಯವನ್ನು ಇನ್ನೊಂದರಲ್ಲಿ ಕರಗಿಸಿ ಅದರ ಸಾಮ್ರಾಜ್ಯದಲ್ಲಿ ಪಾಲು ಪಡೆದ ಜನರವು.

ಸಾಮ್ರಾಜ್ಯದ ಕಾಲದಲ್ಲಿ ಸ್ಕಾಟನಾಗಿರುವುದಕ್ಕೂ ಬ್ರಿಟಿಷನಾಗಿರುವುದಕ್ಕೂ ವಿರೋಧ ಕಾಣುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಸಾಮ್ರಾಜ್ಯ ಕರಗಿತು. ಕ್ಲೈಡ್ ನದಿಯ ಹಡಗುಕಟ್ಟೆಗಳೂ ಕಲ್ಲಿದ್ದಲ ಗಣಿಗಳೂ ಒಂದೊಂದಾಗಿ ಬಾಡಿದವು. ಗಾರೆ ಉದುರಿದ ಮೇಲೆ ಕಲ್ಲುಗಳ ನಡುವಣ ಸಂದು ಕಾಣತೊಡಗಿತು.

ನಲವತ್ತರ ಷರತ್ತು

ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಸ್ಥಾಪನೆಯಾದುದು 1934ರಲ್ಲಿ. ಮೂರು ದಶಕ ಅದು ಸಣ್ಣ ಪಕ್ಷವಾಗಿಯೇ ಇತ್ತು. 1967ರಲ್ಲಿ ಹ್ಯಾಮಿಲ್ಟನ್ ಉಪಚುನಾವಣೆಯಲ್ಲಿ ವಿನ್ನಿ ಯೂಯಿಂಗ್ ಗೆದ್ದಾಗ ಲಂಡನ್ ಮೊದಲ ಬಾರಿ ತಿರುಗಿ ನೋಡಿತು. 1970ರಲ್ಲಿ ಅಬರ್ಡೀನಿನ ಪೂರ್ವಕ್ಕೆ ಉತ್ತರ ಸಮುದ್ರದಲ್ಲಿ ಫೋರ್ಟಿಸ್ ತೈಲಕ್ಷೇತ್ರ ಪತ್ತೆಯಾಯಿತು. ಸ್ಕಾಟ್ಲೆಂಡ್ ಬಡ ನಾಡು, ಇಂಗ್ಲೆಂಡಿನ ಆಸರೆಯಿಲ್ಲದೆ ಅದು ಬಾಳಲಾರದು ಎಂಬ ಹಳೆಯ ವಾದಕ್ಕೆ ತೈಲವು ಮರುಮಾತಾಯಿತು. 1974ರ ಅಕ್ಟೋಬರ್ ಚುನಾವಣೆಯಲ್ಲಿ ಆ ಪಕ್ಷ ಸ್ಕಾಟ್ಲೆಂಡಿನ ಶೇ. 30ರಷ್ಟು ಮತಗಳನ್ನೂ 11 ಸ್ಥಾನಗಳನ್ನೂ ಪಡೆಯಿತು.

ಒತ್ತಡಕ್ಕೆ ಮಣಿದ ಲೇಬರ್ ಸರ್ಕಾರ ಸ್ಕಾಟ್ಲೆಂಡಿಗೊಂದು ಶಾಸನಸಭೆ ಬೇಕೇ ಎಂಬುದನ್ನು 1979ರ ಮಾರ್ಚ್ 1ರಂದು ಜನಮತಕ್ಕೆ ಇಟ್ಟಿತು. ಆದರೆ ಮಸೂದೆಯ ಚರ್ಚೆಯಲ್ಲಿ ಲಂಡನ್ನಿನ ಕ್ಷೇತ್ರವೊಂದನ್ನು ಪ್ರತಿನಿಧಿಸುತ್ತಿದ್ದ ಸ್ಕಾಟ್ ಸದಸ್ಯ ಜಾರ್ಜ್ ಕನ್ನಿಂಗ್‌ಹ್ಯಾಮ್ ತಿದ್ದುಪಡಿಯೊಂದನ್ನು ಸೇರಿಸಿದ್ದರು: ಹೌದು ಎಂಬ ಮತಗಳು ಪಟ್ಟಿಯಲ್ಲಿರುವ ಒಟ್ಟು ಮತದಾರರ ಶೇ. 40ರಷ್ಟಾದರೂ ಇರಬೇಕು. ಎಣಿಸಿದಾಗ ಹೌದು 12,30,937, ಇಲ್ಲ 11,53,502. ಚಲಾವಣೆಯಾದ ಮತಗಳಲ್ಲಿ ಶೇ. 51.6 ಪರವಾಗಿತ್ತು, ಒಟ್ಟು ಮತದಾರರ ಲೆಕ್ಕದಲ್ಲಿ ಅದು ಶೇ. 32.9 ಮಾತ್ರ. ಗೆದ್ದವರು ಸೋತರು. ಮನೆಯಲ್ಲಿ ಉಳಿದವನೂ ಇಲ್ಲ ಎಂದಂತೆಯೇ ಲೆಕ್ಕವಾಯಿತು. ಜನಮತಗಣನೆಯ ಫಲಿತಾಂಶ ಮತಪೆಟ್ಟಿಗೆಯಲ್ಲಿ ಎಷ್ಟು ನಿರ್ಧಾರವಾಗುತ್ತದೆಯೋ ಅದರ ನಿಯಮಾವಳಿಯಲ್ಲಿಯೂ ಅಷ್ಟೇ ನಿರ್ಧಾರವಾಗುತ್ತದೆ ಎಂಬ ಪಾಠವನ್ನು ಸ್ಕಾಟ್ಲೆಂಡ್ ಹೀಗೆ ಕಲಿತಿತು.

1997ರ ಸೆಪ್ಟೆಂಬರ್ 11ರಂದು ಮತ್ತೆ ಮತದಾನವಾದಾಗ ಅಂಥ ಷರತ್ತು ಇರಲಿಲ್ಲ. ಶೇ. 74.3ರಷ್ಟು ಮಂದಿ ಸಂಸತ್ತು ಬೇಕೆಂದರು. 1999ರಲ್ಲಿ ಎಡಿನ್‌ಬರೊದಲ್ಲಿ ಅದು ಕೂಡಿತು. ಒಂದೇ ಪಕ್ಷಕ್ಕೆ ಬಹುಮತ ಸಿಗುವುದು ಕಷ್ಟವಾಗುವಂತೆ ಅಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯದ ಪದ್ಧತಿಯನ್ನು ಅಳವಡಿಸಲಾಗಿತ್ತು. ಆದರೂ 2011ರಲ್ಲಿ ಅಲೆಕ್ಸ್ ಸಾಲ್ಮಂಡ್ ನೇತೃತ್ವದ ಸ್ಕಾಟಿಷ್ ನ್ಯಾಷನಲ್ ಪಾರ್ಟಿ 129ರಲ್ಲಿ 69 ಸ್ಥಾನ ಗೆದ್ದಿತು. ಸ್ವಾತಂತ್ರ್ಯದ ಜನಮತಗಣನೆ ಅದರ ಪ್ರಣಾಳಿಕೆಯಲ್ಲಿತ್ತು. 2012ರ ಅಕ್ಟೋಬರ್ 15ರಂದು ಪ್ರಧಾನಿ ಡೇವಿಡ್ ಕ್ಯಾಮರಾನ್ ಮತ್ತು ಸಾಲ್ಮಂಡ್ ಎಡಿನ್‌ಬರೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಮತದಾನ ನಡೆಸುವ ಅಧಿಕಾರವನ್ನು ಲಂಡನ್ ತಾತ್ಕಾಲಿಕವಾಗಿ ಎಡಿನ್‌ಬರೊಗೆ ಹಸ್ತಾಂತರಿಸಿತು. ಫಲಿತಾಂಶವನ್ನು ಗೌರವಿಸುವುದಾಗಿ ಎರಡೂ ಸರ್ಕಾರಗಳು ಮಾತು ಕೊಟ್ಟವು. ಪ್ರಶ್ನೆಯ ಪದಗಳನ್ನು ಕೂಡ ಚುನಾವಣಾ ಆಯೋಗ ಪರೀಕ್ಷಿಸಿತು. ‘ನೀವು ಒಪ್ಪುವಿರಾ’ ಎಂಬ ಮೊದಲ ಕರಡಿನ ಪದಗಳು ಓದುಗನನ್ನು ಒಪ್ಪಿಗೆಯ ಕಡೆಗೆ ವಾಲಿಸುತ್ತವೆಂದು ಅವನ್ನು ತೆಗೆಸಿತು.

ಮತದಾರ ಯಾರು?

ಮತದಾರರ ಪಟ್ಟಿಗೆ ಆಧಾರವಾದುದು ವಾಸಸ್ಥಳ. ಹುಟ್ಟು, ವಂಶ, ಭಾಷೆ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸ್ಕಾಟ್ಲೆಂಡಿನಲ್ಲಿ ನೆಲೆಸಿದ ಬ್ರಿಟಿಷ್ ಪೌರರು, ಐರೋಪ್ಯ ಒಕ್ಕೂಟದ ದೇಶಗಳ ಪೌರರು, ವಾಸದ ಪರವಾನಗಿ ಇದ್ದ ಕಾಮನ್‌ವೆಲ್ತ್ ದೇಶಗಳ ಪೌರರು ಎಲ್ಲರಿಗೂ ಮತವಿತ್ತು. ಅದರಂತೆ ಎಡಿನ್‌ಬರೊದಲ್ಲಿಯೋ ಗ್ಲಾಸ್ಗೊದಲ್ಲಿಯೋ ನೆಲೆಸಿ, ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದವರೂ ಆ ನಾಡಿನ ಭವಿಷ್ಯವನ್ನು ನಿರ್ಧರಿಸುವ ಮತದಾರರಾದರು. ಸ್ಕಾಟ್ಲೆಂಡಿನಲ್ಲಿದ್ದ ಇಂಗ್ಲೆಂಡ್ ಸಂಜಾತರು ನಾಲ್ಕು ಲಕ್ಷಕ್ಕೂ ಹೆಚ್ಚು, ಅವರಿಗೂ ಮತವಿತ್ತು. 16 ಮತ್ತು 17 ವರ್ಷದವರಿಗೆ ಮೊದಲ ಬಾರಿಗೆ ಹಕ್ಕು ದೊರೆಯಿತು. ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದರು.

ಇದೇ ನಿಯಮದ ಇನ್ನೊಂದು ಮುಖವೆಂದರೆ ಹೊರಗುಳಿದವರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ನೆಲೆಸಿದ ಸುಮಾರು ಎಂಟು ಲಕ್ಷ ಜನರಿಗೆ ಮತವಿರಲಿಲ್ಲ. ತಮ್ಮ ನಾಡು ತಮ್ಮ ಪಾಲಿಗೆ ವಿದೇಶವಾಗಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ತಮಗೆ ಮಾತಿಲ್ಲವೆಂದು ಅವರಲ್ಲಿ ಅನೇಕರು ನೊಂದುಕೊಂಡರು. ಅವರ ನೋವಿಗೆ ಆಧಾರವಿಲ್ಲವೆನ್ನಲಾಗದು. ಆದರೆ ಅವರನ್ನು ಸೇರಿಸಿಕೊಳ್ಳಬೇಕಾದರೆ ಸ್ಕಾಟ್ ಎಂದರೆ ಯಾರೆಂಬುದನ್ನು ಹುಟ್ಟಿನಿಂದ ನಿರ್ಣಯಿಸಬೇಕಾಗುತ್ತಿತ್ತು. ಹುಟ್ಟಿನ ಅಳತೆಗೋಲನ್ನು ಒಮ್ಮೆ ಕೈಗೆತ್ತಿಕೊಂಡರೆ, ಹೊರಗಿರುವ ಸ್ಕಾಟನನ್ನು ಒಳಗೆ ತಂದಷ್ಟೇ ಸುಲಭವಾಗಿ ಒಳಗಿರುವ ಪರನಾಡಿನವನನ್ನು ಹೊರಗೆ ಹಾಕುವ ವಾದಕ್ಕೂ ದಾರಿ ತೆರೆಯುತ್ತದೆ. ಸ್ವಾತಂತ್ರ್ಯವಾದಿಗಳೂ ಐಕ್ಯವಾದಿಗಳೂ ಈ ದಾರಿಯನ್ನು ಹಿಡಿಯದಿದ್ದುದು ಇಡೀ ಪ್ರಸಂಗದ ಶಾಂತ ಸ್ವರೂಪಕ್ಕೆ ಒಂದು ಮುಖ್ಯ ಕಾರಣ.

ಭಾರತದಲ್ಲಿ ಇದಕ್ಕೆ ಹತ್ತಿರದ ನಿದರ್ಶನವೊಂದಿದೆ. 1967ರ ಜನವರಿ 16ರಂದು ಗೋವಾದಲ್ಲಿ, ಮಹಾರಾಷ್ಟ್ರದೊಂದಿಗೆ ವಿಲೀನವಾಗಬೇಕೋ ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೋ ಎಂಬ ಬಗ್ಗೆ ಜನಾಭಿಪ್ರಾಯ ಪಡೆಯಲಾಯಿತು. ಹೊರಗೆ ನೆಲೆಸಿದ ಗೋವೆಯವರಿಗೂ ಮತ ಬೇಕೆಂಬ ಬೇಡಿಕೆ ಅಲ್ಲಿಯೂ ಎದ್ದಿತ್ತು, ಅದು ಈಡೇರಲಿಲ್ಲ. ವಿಲೀನದ ವಿರುದ್ಧ 1,72,191, ಪರ 1,38,170 ಮತಗಳು ಬಂದವು. ಒಂದು ದೇಶದೊಳಗಿನ ರಾಜ್ಯದ ಪ್ರಶ್ನೆಗೂ ಹೊಸ ದೇಶದ ಪ್ರಶ್ನೆಗೂ ಅಂತರ ದೊಡ್ಡದು. ಹಾಗಿದ್ದರೂ ಗೋವಾ ಒಂದು ಅಪವಾದವೆಂಬುದನ್ನು ನೆನಪಿಡಬೇಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಾಗಲಿ, 1967ರ ಮಹಾಜನ ವರದಿಯಲ್ಲಾಗಲಿ ಕಾಸರಗೋಡಿನಿಂದ ಅಕ್ಕಲಕೋಟೆಯವರೆಗಿನ ಗಡಿಯ ಊರುಗಳ ವಿಚಾರವನ್ನು ಆಯೋಗಗಳು ಪರಿಶೀಲಿಸಿದವು. ಆ ಊರುಗಳ ಮುಂದೆ ಮತಪೆಟ್ಟಿಗೆಯನ್ನು ಇಡಲಿಲ್ಲ.

ವಾದದ ಎರಡು ಮಗ್ಗುಲು

ಹೌದು ಎಂದವರ ವಾದದ ತಿರುಳು ಪ್ರಜಾಪ್ರಭುತ್ವದ ಕೊರತೆ. 1979ರಿಂದ 1997ರವರೆಗೆ ಸ್ಕಾಟ್ಲೆಂಡಿನ ಬಹುಪಾಲು ಸ್ಥಾನಗಳನ್ನು ಗೆಲ್ಲದ ಕನ್ಸರ್ವೇಟಿವ್ ಪಕ್ಷವೇ ಸ್ಕಾಟ್ಲೆಂಡನ್ನೂ ಆಳಿತು. ತಲೆಗಂದಾಯವೆಂದು ಹೆಸರಾದ ಸ್ಥಳೀಯ ತೆರಿಗೆಯನ್ನು 1989ರಲ್ಲಿ ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ ಸ್ಕಾಟ್ಲೆಂಡಿನಲ್ಲಿ ಜಾರಿಗೊಳಿಸಿದ್ದನ್ನು ಜನ ಮರೆತಿರಲಿಲ್ಲ. ಬ್ರಿಟನ್ನಿನ ಅಣ್ವಸ್ತ್ರ ಜಲಾಂತರ್ಗಾಮಿಗಳ ನೆಲೆ ಸ್ಕಾಟ್ಲೆಂಡಿನ ಫಾಸ್ಲೇನಿನಲ್ಲಿಯೇ ಇತ್ತು. ತಾವು ಆರಿಸದ ಸರ್ಕಾರ ತಮ್ಮನ್ನು ಆಳಬಾರದು, ತಮ್ಮ ತೈಲದ ಆದಾಯ ತಮ್ಮ ಕೈಯಲ್ಲಿರಬೇಕು, ಐವತ್ತು ಲಕ್ಷ ಜನರ ದೇಶ ಡೆನ್ಮಾರ್ಕಿನಂತೆ, ನಾರ್ವೆಯಂತೆ ಬಾಳಬಲ್ಲದು ಎಂಬುದು ಅವರ ನಿಲುವು. 2013ರ ನವೆಂಬರ್‌ನಲ್ಲಿ ಸ್ಕಾಟಿಷ್ ಸರ್ಕಾರ ಹೊರತಂದ ದೀರ್ಘ ಶ್ವೇತಪತ್ರದಲ್ಲಿ ಈ ದೇಶದ ರೂಪುರೇಷೆ ಇತ್ತು. ರಾಣಿ ಮುಂದುವರಿಯುವಳು, ಪೌಂಡ್ ನಾಣ್ಯ ಉಳಿಯುವುದು, ಇಂಗ್ಲೆಂಡಿಗೆ ಹೋಗಿಬರಲು ತಡೆಯಿರದು ಎಂಬ ಭರವಸೆಗಳೂ ಅದರಲ್ಲಿದ್ದವು.

ಇಲ್ಲ ಎಂದವರು ಈ ಭರವಸೆಗಳ ಬುಡಕ್ಕೇ ಕೈ ಹಾಕಿದರು. ನಾಣ್ಯ ಒಂದೇ ಆಗಿ, ಬಡ್ಡಿದರವನ್ನು ಪರದೇಶದ ಬ್ಯಾಂಕು ನಿರ್ಧರಿಸುವುದಾದರೆ ಅದೆಂಥ ಸ್ವಾತಂತ್ರ್ಯ? 2014ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಎಡಿನ್‌ಬರೊಗೆ ಬಂದು, ಸ್ಕಾಟ್ಲೆಂಡ್ ಹೊರಹೋದರೆ ಪೌಂಡನ್ನು ಹಂಚಿಕೊಳ್ಳುವ ಒಪ್ಪಂದವಿಲ್ಲವೆಂದು ಘೋಷಿಸಿದರು. ಐರೋಪ್ಯ ಆಯೋಗದ ಅಧ್ಯಕ್ಷ ಬರೋಸೊ ಹೊಸ ದೇಶಕ್ಕೆ ಒಕ್ಕೂಟದ ಪ್ರವೇಶ ಬಹಳ ಕಠಿಣವೆಂದರು. ತೈಲದ ಬೆಲೆಯನ್ನು ನಂಬಿ ಪಿಂಚಣಿ ಕೊಡಲಾಗದು ಎಂಬ ವಾದವೂ ಬಂದಿತು. ಇವೆಲ್ಲ ಬರಿಯ ಬೆದರಿಕೆಗಳೆಂದು ಸ್ವಾತಂತ್ರ್ಯವಾದಿಗಳು ತಳ್ಳಿಹಾಕಿದರೂ, ಆಗಸ್ಟಿನ ದೂರದರ್ಶನ ಚರ್ಚೆಯಲ್ಲಿ ಐಕ್ಯವಾದಿಗಳ ನಾಯಕ ಅಲಿಸ್ಟೇರ್ ಡಾರ್ಲಿಂಗ್ ನಾಣ್ಯದ ಬದಲಿ ಯೋಜನೆಯೇನೆಂದು ಮತ್ತೆ ಮತ್ತೆ ಕೇಳಿದಾಗ ಸಾಲ್ಮಂಡರಿಂದ ನೇರ ಉತ್ತರ ಬರಲಿಲ್ಲ. ಐಕ್ಯವಾದದ ದೌರ್ಬಲ್ಯ ಬೇರೆ ಬಗೆಯದು. ಅದು ಅಪಾಯಗಳನ್ನು ಎಣಿಸಿತು. ಮುನ್ನೂರು ವರ್ಷದ ಸಹಬಾಳ್ವೆ ಯಾಕೆ ಬೆಲೆಬಾಳುತ್ತದೆಂಬುದನ್ನು ಕೊನೆಯ ವಾರಗಳವರೆಗೆ ಮನಮುಟ್ಟುವಂತೆ ಹೇಳಲಿಲ್ಲ. ಮತದಾನಕ್ಕೆ ಎರಡು ದಿನ ಮೊದಲು ಮೂರು ಪ್ರಮುಖ ಬ್ರಿಟಿಷ್ ಪಕ್ಷಗಳ ನಾಯಕರು ಎಡಿನ್‌ಬರೊ ಸಂಸತ್ತಿಗೆ ಇನ್ನಷ್ಟು ಅಧಿಕಾರ ಕೊಡುವ ಜಂಟಿ ವಚನವನ್ನು ಪತ್ರಿಕೆಯೊಂದರ ಮುಖಪುಟದಲ್ಲಿ ಪ್ರಕಟಿಸಬೇಕಾಯಿತು.

ಗೆರೆಯ ಮೇಲಿನವರು

32 ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಹೌದು ಗೆದ್ದುದು ನಾಲ್ಕರಲ್ಲಿ ಮಾತ್ರ: ಡಂಡೀ, ಗ್ಲಾಸ್ಗೊ, ವೆಸ್ಟ್ ಡನ್‌ಬಾರ್ಟನ್‌ಶೈರ್, ನಾರ್ತ್ ಲನಾರ್ಕ್‌ಶೈರ್. ಇವೆಲ್ಲ ಹಳೆಯ ಕೈಗಾರಿಕೆಗಳು ಮುಚ್ಚಿದ, ಬಡತನ ಕಂಡ ಪ್ರದೇಶಗಳು. ಇಲ್ಲ ಎಂಬ ಮತ ಅತಿ ಹೆಚ್ಚಾಗಿ ಬಂದ ಪ್ರದೇಶಗಳ ಪಟ್ಟಿ ಇನ್ನೂ ಗಮನಾರ್ಹ. ಆರ್ಕ್ನಿ ದ್ವೀಪಗಳಲ್ಲಿ ಶೇ. 67.2, ಇಂಗ್ಲೆಂಡಿಗೆ ತಾಗಿದ ಸ್ಕಾಟಿಷ್ ಬಾರ್ಡರ್ಸ್‌ನಲ್ಲಿ ಶೇ. 66.6, ಅದರ ಪಕ್ಕದ ಡಂಫ್ರೀಸ್ ಮತ್ತು ಗ್ಯಾಲೊವೇ ಪ್ರದೇಶದಲ್ಲಿ ಶೇ. 65.7, ಶೆಟ್ಲೆಂಡಿನಲ್ಲಿ ಶೇ. 63.7. ದಕ್ಷಿಣದ ಗಡಿ, ಉತ್ತರದ ದ್ವೀಪ ಎರಡೂ ಒಂದೇ ಮಾತು ಹೇಳಿದವು. ಅದು ಅಂದಿನ ಆವೇಶದ ಫಲವೂ ಅಲ್ಲ. 1979ರಲ್ಲಿ ಸ್ಕಾಟ್ಲೆಂಡ್ ಒಟ್ಟಾರೆ ಹೌದು ಎಂದಾಗಲೂ ಈ ನಾಲ್ಕು ಪ್ರದೇಶಗಳು ಇಲ್ಲ ಎಂದಿದ್ದವು.

ಗಡಿ ಜಿಲ್ಲೆಗಳ ಒಲವಿಗೆ ಹಲವು ಕಾರಣಗಳಿವೆ: ವಯಸ್ಸಾದವರ ಪ್ರಮಾಣ, ಕೃಷಿಕರ ಹಳೆಯ ಕನ್ಸರ್ವೇಟಿವ್ ಒಲವು, ಇಂಗ್ಲೆಂಡಿನಿಂದ ಬಂದು ನೆಲೆಸಿದವರ ಸಂಖ್ಯೆ. ಆದರೆ ದಿನನಿತ್ಯದ ಬದುಕನ್ನೂ ಮರೆಯಬಾರದು. ಅಲ್ಲಿಯ ಜನರ ಉದ್ಯೋಗ, ಸಂತೆ, ನೆಂಟಸ್ತಿಕೆಗಳು ಗಡಿಯಾಚೆಯ ಕಾರ್ಲೈಲ್ ಮತ್ತು ಬೆರಿಕ್ ಪಟ್ಟಣಗಳಿಗೆ ಹೊಂದಿಕೊಂಡಿವೆ. ಗ್ಲಾಸ್ಗೊದವನಿಗೆ ಗಡಿ ಎಂಬುದು ಒಂದು ವಿಚಾರ. ಗಡಿ ಜಿಲ್ಲೆಯವನಿಗೆ ಅದು ಬೆಳಗಿನ ರಸ್ತೆ. ಗಡಿಯಲ್ಲಿ ತಪಾಸಣೆ ಇರದೆಂದು ಎಡಿನ್‌ಬರೊ ಹೇಳುತ್ತಿದ್ದರೆ, ವಲಸೆ ನೀತಿಗಳು ಬೇರೆಯಾದರೆ ತಪಾಸಣೆ ಬಂದೀತೆಂದು ಲಂಡನ್ ಎಚ್ಚರಿಸುತ್ತಿತ್ತು. ಎರಡು ಸರ್ಕಾರಗಳ ನಡುವಣ ಈ ಅನಿಶ್ಚಯದ ಬೆಲೆಯನ್ನು ಮೊದಲು ತೆರಬೇಕಾಗಿದ್ದವರು ಆ ರಸ್ತೆಯಲ್ಲಿ ಓಡಾಡುವವರು.

ಬೆರಿಕ್ ಪಟ್ಟಣದ ಕತೆ ಇನ್ನೂ ವಿಚಿತ್ರ. ಟ್ವೀಡ್ ನದಿಯ ಉತ್ತರ ದಡದಲ್ಲಿರುವ ಈ ಊರು ಮಧ್ಯಯುಗದಲ್ಲಿ ಎರಡು ರಾಜ್ಯಗಳ ನಡುವೆ ಹತ್ತಾರು ಬಾರಿ ಕೈ ಬದಲಾಯಿಸಿ, 1482ರಿಂದ ಇಂಗ್ಲೆಂಡಿನ ವಶದಲ್ಲಿದೆ. ಅದರ ಕಾಲ್ಚೆಂಡಿನ ತಂಡ ಮಾತ್ರ ಆಡುವುದು ಸ್ಕಾಟ್ಲೆಂಡಿನ ತಂಡಗಳೊಡನೆ. 2014ರ ಮತದಾನದಿಂದ ಅತಿ ಹೆಚ್ಚು ಬಾಧಿತವಾಗಬಹುದಾಗಿದ್ದ ಊರುಗಳಲ್ಲಿ ಬೆರಿಕ್ ಒಂದು. ಅಲ್ಲಿಯ ಜನರಿಗೆ ಮತವಿರಲಿಲ್ಲ. ಸ್ಕಾಟ್ಲೆಂಡಿನ ಪ್ರಶ್ನೆಗೆ ಸ್ಕಾಟ್ಲೆಂಡಿನವರೇ ಉತ್ತರಿಸಬೇಕೆಂಬ ನಿಯಮದಲ್ಲಿ ತಪ್ಪಿಲ್ಲ. ಗಡಿಗೆ ಎರಡು ಬದಿಗಳಿರುತ್ತವೆಂಬುದೂ ಅಷ್ಟೇ ನಿಜ.

ದ್ವೀಪಗಳ ಪ್ರಶ್ನೆ ಮತ್ತೊಂದು ಬಗೆಯದು. ಆರ್ಕ್ನಿ, ಶೆಟ್ಲೆಂಡ್‌ಗಳು ಸ್ಕಾಟ್ಲೆಂಡಿಗೆ ಬಂದದ್ದೇ ಒತ್ತೆಯಾಗಿ. ಡೆನ್ಮಾರ್ಕ್ ಮತ್ತು ನಾರ್ವೆಗಳ ದೊರೆ ಕ್ರಿಶ್ಚಿಯನ್ ತನ್ನ ಮಗಳು ಮಾರ್ಗರೆಟಳನ್ನು ಸ್ಕಾಟ್ಲೆಂಡಿನ ಮೂರನೆಯ ಜೇಮ್ಸನಿಗೆ ಕೊಟ್ಟಾಗ ವರದಕ್ಷಿಣೆಯ ಹಣ ಹೊಂದಿಸಲಾರದೆ 1468 ಮತ್ತು 1469ರಲ್ಲಿ ಈ ದ್ವೀಪಗಳನ್ನು ಒತ್ತೆಯಿಟ್ಟನು; ಒತ್ತೆಯನ್ನು ಬಿಡಿಸಿಕೊಳ್ಳಲಾಗಲಿಲ್ಲ. ತೈಲದ ದೊಡ್ಡ ಪಾಲು ತಮ್ಮ ಸುತ್ತಲಿನ ಸಮುದ್ರದ್ದಾಗಿರುವಾಗ, ಸ್ಕಾಟ್ಲೆಂಡ್ ಲಂಡನ್ನಿಗೆ ಹೇಳುವ ಮಾತನ್ನು ತಾವು ಎಡಿನ್‌ಬರೊಗೆ ಹೇಳಬಾರದೇಕೆ ಎಂದು ದ್ವೀಪವಾಸಿಗಳು ಕೇಳಿದರು. 2013ರಲ್ಲಿ ಶೆಟ್ಲೆಂಡ್, ಆರ್ಕ್ನಿ ಮತ್ತು ಪಶ್ಚಿಮ ದ್ವೀಪಗಳ ಆಡಳಿತಗಳು ಒಂದಾಗಿ ಎರಡೂ ಸರ್ಕಾರಗಳ ಮುಂದೆ ತಮ್ಮ ಬೇಡಿಕೆಗಳನ್ನಿಟ್ಟವು. ಆ ಒತ್ತಾಯದ ಫಲವಾಗಿ 2018ರಲ್ಲಿ ಎಡಿನ್‌ಬರೊ ಸಂಸತ್ತು ದ್ವೀಪಗಳ ಕಾಯ್ದೆಯನ್ನು ಜಾರಿಗೆ ತಂದಿತು. ಸ್ವನಿರ್ಣಯದ ತತ್ತ್ವ ಎಲ್ಲಿಗೆ ನಿಲ್ಲಬೇಕೆಂಬ ಪ್ರಶ್ನೆಗೆ ತರ್ಕದ ಉತ್ತರವಿಲ್ಲ. ಅಂಚಿನವರ ಮಾತಿಗೆ ರಾಜಕೀಯ ಕಿವಿಗೊಡುತ್ತದೆಯೇ ಎಂಬುದಷ್ಟೇ ಉಳಿಯುತ್ತದೆ.

ಭಾಷೆಯ ಮೌನ

ಭಾಷಾ ರಾಜ್ಯಗಳ ಚರಿತ್ರೆಯನ್ನು ಬಲ್ಲ ಓದುಗರಿಗೆ ಸ್ಕಾಟ್ಲೆಂಡಿನ ಚರ್ಚೆಯಲ್ಲಿ ಎದ್ದು ಕಾಣುವುದು ಭಾಷೆಯ ಮೌನ. 2011ರ ಜನಗಣತಿಯಂತೆ ಗೇಲಿಕ್ ಮಾತನಾಡುವವರು ಸುಮಾರು 58 ಸಾವಿರ, ಜನಸಂಖ್ಯೆಯ ಶೇ. 1ಕ್ಕಿಂತ ತುಸು ಹೆಚ್ಚು; ಇಂಗ್ಲಿಷಿನ ಸೋದರಿಯಾದ ಸ್ಕಾಟ್ಸ್ ಬಲ್ಲವರು ಸುಮಾರು 15 ಲಕ್ಷ. ಮತಪತ್ರದ ಪ್ರಶ್ನೆ ಅಚ್ಚಾದುದು ಇಂಗ್ಲಿಷಿನಲ್ಲಿ ಮಾತ್ರ. ಸ್ವಾತಂತ್ರ್ಯವನ್ನು ಬಯಸಿದವರು ಭಾಷೆಯ ಹೆಸರಿನಲ್ಲಿ ಅದನ್ನು ಕೇಳಲಿಲ್ಲ. ಗೇಲಿಕ್ಕಿನ ಮುಖ್ಯ ನೆಲೆಯಾದ ಪಶ್ಚಿಮ ದ್ವೀಪಗಳಲ್ಲಿ ಇಲ್ಲ ಶೇ. 53.4, ಹೌದು ಶೇ. 46.6. ಭಾಷೆ ಯಾವ ಪಕ್ಷಕ್ಕೂ ಮತ ತಂದುಕೊಡಲಿಲ್ಲ.

ಇದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಗೇಲಿಕ್ಕನ್ನು ಹತ್ತಿಕ್ಕಿದ್ದು ಲಂಡನ್ ಮಾತ್ರವಲ್ಲ. 1609ರ ಅಯೋನ ಕಟ್ಟಳೆಗಳು ದ್ವೀಪಗಳ ಸ್ಥಿತಿವಂತರು ತಮ್ಮ ಹಿರಿಯ ಮಕ್ಕಳನ್ನು ಇಂಗ್ಲಿಷ್ ಕಲಿಯಲು ತಗ್ಗುನಾಡಿಗೆ ಕಳುಹಿಸಬೇಕೆಂದು ವಿಧಿಸಿದವು. 1616ರಲ್ಲಿ ಸ್ಕಾಟ್ಲೆಂಡಿನ ರಾಜಮಂಡಲಿ ಊರೂರಲ್ಲಿ ಶಾಲೆ ತೆರೆಯಲು ಆಜ್ಞೆ ಹೊರಡಿಸಿದಾಗ ಗೇಲಿಕ್ಕನ್ನು ನಿರ್ಮೂಲ ಮಾಡುವುದೂ ಅದರ ಉದ್ದೇಶವಾಗಿತ್ತು. ಇವೆರಡೂ ನಡೆದದ್ದು ಐಕ್ಯ ಒಪ್ಪಂದಕ್ಕೆ ಸುಮಾರು ನೂರು ವರ್ಷ ಮೊದಲು, ಸ್ಕಾಟ್ಲೆಂಡ್ ತನ್ನದೇ ಸಂಸತ್ತು, ತನ್ನದೇ ಕಾನೂನು ಹೊಂದಿದ್ದಾಗ. ಆರ್ಕ್ನಿ, ಶೆಟ್ಲೆಂಡ್‌ಗಳ ನಾರ್ನ್ ಎಂಬ ನಾರ್ಸ್ ಮೂಲದ ನುಡಿ ಸ್ಕಾಟ್ಸ್ ಭಾಷೆಯ ಒತ್ತಡಕ್ಕೆ ಸಿಕ್ಕಿ ಅಳಿದೇ ಹೋಯಿತು. 1872ರ ಶಿಕ್ಷಣ ಕಾಯ್ದೆ ಗೇಲಿಕ್ಕಿನ ಹೆಸರನ್ನೇ ಎತ್ತಲಿಲ್ಲ. ನಾಡಿಗೆ ರಾಜ್ಯಾಧಿಕಾರ ದೊರೆತರೆ ಅದರೊಳಗಿನ ಸಣ್ಣ ನುಡಿ ತಾನಾಗಿಯೇ ಉಳಿಯುತ್ತದೆಂಬ ನಂಬಿಕೆಗೆ ಸ್ಕಾಟ್ಲೆಂಡಿನ ಚರಿತ್ರೆ ಬೆಂಬಲ ಕೊಡುವುದಿಲ್ಲ. ಗೇಲಿಕ್ಕಿಗೆ ನೆರವಾದುದು 2005ರ ಗೇಲಿಕ್ ಭಾಷಾ ಕಾಯ್ದೆ, ಗೇಲಿಕ್ ಮಾಧ್ಯಮದ ಶಾಲೆಗಳು, 2008ರಲ್ಲಿ ಆರಂಭವಾದ ಗೇಲಿಕ್ ದೂರದರ್ಶನ ವಾಹಿನಿ. 2025ರಲ್ಲಿ ಎಡಿನ್‌ಬರೊ ಸಂಸತ್ತು ಗೇಲಿಕ್ ಮತ್ತು ಸ್ಕಾಟ್ಸ್ ಎರಡನ್ನೂ ಅಧಿಕೃತ ಭಾಷೆಗಳೆಂದು ಮಾನ್ಯ ಮಾಡುವ ಕಾಯ್ದೆಯನ್ನು ಅಂಗೀಕರಿಸಿತು. ಈ ಕೆಲಸಗಳೆಲ್ಲ ನಡೆದದ್ದು ಸ್ವಾತಂತ್ರ್ಯವಿಲ್ಲದೆ, ಆದರೆ ಹತ್ತಿರದಲ್ಲಿ ಕಿವಿಗೊಡುವ ಸಂಸತ್ತೊಂದು ಇದ್ದುದರಿಂದ.

ಮುಗಿಯದ ಪ್ರಶ್ನೆ

ಮತದಾನದ ಮರುದಿನ ಸಾಲ್ಮಂಡ್ ಪದತ್ಯಾಗ ಘೋಷಿಸಿದರು. ನಿಕೊಲಾ ಸ್ಟರ್ಜನ್ ಉತ್ತರಾಧಿಕಾರಿಯಾದರು. 2015ರ ಬ್ರಿಟಿಷ್ ಚುನಾವಣೆಯಲ್ಲಿ ಸೋತ ಪಕ್ಷವೇ ಸ್ಕಾಟ್ಲೆಂಡಿನ 59ರಲ್ಲಿ 56 ಸ್ಥಾನ ಗೆದ್ದಿತು. ಕೊಟ್ಟ ವಚನದಂತೆ 2016ರ ಕಾಯ್ದೆ ಎಡಿನ್‌ಬರೊಗೆ ಆದಾಯ ತೆರಿಗೆಯ ಮೇಲೆ ವಿಸ್ತಾರವಾದ ಅಧಿಕಾರ ನೀಡಿತು. ಅದೇ ವರ್ಷ ಜೂನ್‌ನಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟವನ್ನು ತೊರೆಯುವ ತೀರ್ಮಾನ ಮಾಡಿದಾಗ ಸ್ಕಾಟ್ಲೆಂಡಿನ ಶೇ. 62 ಮತಗಳು ಒಕ್ಕೂಟದಲ್ಲಿ ಉಳಿಯುವುದರ ಪರ ಬಿದ್ದವು. 32 ಪ್ರದೇಶಗಳಲ್ಲಿ ಒಂದೂ ತೊರೆಯುವ ಪರವಾಗಿರಲಿಲ್ಲ. ಬ್ರಿಟನ್ನಿನಲ್ಲಿ ಉಳಿದರೆ ಯೂರೋಪಿನಲ್ಲಿ ಉಳಿದಂತೆ ಎಂದು 2014ರಲ್ಲಿ ಕೇಳಿದ್ದ ಮಾತು ಎರಡು ವರ್ಷವೂ ನಿಲ್ಲಲಿಲ್ಲ. ಆ ಕೊರಗು ನ್ಯಾಯವಾದುದೇ. ಆದರೆ ಅದೇ ಬದಲಾವಣೆ ಗಡಿಯ ಪ್ರಶ್ನೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಸ್ವತಂತ್ರ ಸ್ಕಾಟ್ಲೆಂಡ್ ಐರೋಪ್ಯ ಒಕ್ಕೂಟವನ್ನು ಸೇರಿದರೆ ಇಂಗ್ಲೆಂಡಿನೊಂದಿಗಿನ ಗಡಿಯೇ ಒಕ್ಕೂಟದ ಹೊರಗಡಿಯಾಗುತ್ತದೆ. ಸರಕುಗಳಿಗೆ ಸುಂಕದ ಕಟ್ಟೆ ಬೇಕಾಗುತ್ತದೆ. 2022ರ ನವೆಂಬರ್ 23ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ, ಲಂಡನ್ನಿನ ಸಮ್ಮತಿಯಿಲ್ಲದೆ ಇನ್ನೊಂದು ಜನಮತಗಣನೆಗೆ ಶಾಸನ ಮಾಡುವ ಅಧಿಕಾರ ಎಡಿನ್‌ಬರೊ ಸಂಸತ್ತಿಗಿಲ್ಲವೆಂದು ಸರ್ವಾನುಮತದಿಂದ ತೀರ್ಪಿತ್ತಿತು.

ಸ್ಕಾಟರು ಹೌದು ಎನ್ನಬೇಕಿತ್ತೇ, ಇಲ್ಲ ಎನ್ನಬೇಕಿತ್ತೇ ಎಂಬ ವಾದ ಸ್ಕಾಟ್ಲೆಂಡಿನ ಮನೆಮನೆಗಳಲ್ಲಿ ಇಂದಿಗೂ ಮುಗಿದಿಲ್ಲ. ಎರಡೂ ಬದಿಯಲ್ಲಿ ಸತ್ವವಿದ್ದುದರಿಂದಲೇ ಅದು ಮುಗಿಯದೆ ಉಳಿದಿದೆ. ಚರಿತ್ರೆ ಅದರಲ್ಲಿ ತೀರ್ಪುಗಾರನಾಗಬೇಕಿಲ್ಲ. ನಾಡಿನಲ್ಲಿ ಬಾಳುವವರೇ ನಾಡಿನ ಜನ ಎಂಬ ಅಳತೆಗೋಲನ್ನು ಹಿಡಿದದ್ದು ಆ ದಿನದ ದೊಡ್ಡ ಗಳಿಕೆ. ಹುಟ್ಟಿದೂರು ಬೇರೆ, ಮನೆಮಾತು ಬೇರೆ, ರಾಜ್ಯ ಬೇರೆಯಾದ ಜನ ಎಲ್ಲಿದ್ದಾರೋ ಅಲ್ಲೆಲ್ಲ ಈ ಅಳತೆಗೋಲಿಗೆ ಬೆಲೆಯಿದೆ. ಅದರ ಮಿತಿಯೂ ಅಷ್ಟೇ ಸ್ಪಷ್ಟ. ಬಾರ್ಡರ್ಸ್‌ನ ರೈತನ ಮತವನ್ನೂ ಆರ್ಕ್ನಿಯ ಮೀನುಗಾರನ ಮತವನ್ನೂ ಅದು ಎಣಿಸಿತು. ಅವರ ಬದುಕಿನ ವಿಶೇಷ ಪ್ರಶ್ನೆಯನ್ನು ಕೇಳಲಿಲ್ಲ. ಅಂದು ಅವರು ಗೆದ್ದ ಬದಿಯಲ್ಲಿದ್ದುದರಿಂದ ಆ ಕೊರತೆ ಹೊರಗೆ ಕಾಣಲಿಲ್ಲ. ಐದೂವರೆ ಮತಗಳು ನೂರಕ್ಕೆ ಆಚೆಯಿಂದೀಚೆಗೆ ಸರಿದಿದ್ದರೆ, ಹೊಸ ದೇಶದ ಮೊದಲ ಪರೀಕ್ಷೆ ನಡೆಯುತ್ತಿದ್ದುದು ಎಡಿನ್‌ಬರೊದಲ್ಲಲ್ಲ, ಟ್ವೀಡ್ ನದಿಯ ಸೇತುವೆಗಳ ಮೇಲೆ.